ಮುಳ್ಳು ಸುಳ್ಳು ಹೇಳ್ತಾ ಉಂಟಾ, ಮೊದ್ಲು ಅರ್ಥ್ ನೋಡಿ

ಕಾರಿನ ಪೆಟ್ರೋಲ್ ಮೀಟರಿನ ಮುಳ್ಳು ಸರಿ ಇರ್ಬೇಕು ಅನ್ಲಿಕ್ಕೆ ನಮ್ಮ ಕಾಸರಗೋಡಿನವ್ರಿಗೆ ಒಂದು ಕಾರಣ ಜಾಸ್ತಿಯೇ ಉಂಟು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಪೆಟ್ರೋಲಿಗೆ ರೇಟ್ ಕಡಿಮೆ, ಹಾಗಾಗಿ ಹೇಗೂ ಮಂಗ್ಳೂರಿಗೆ ಹೋಗ್ಲಿಕ್ಕುಂಟಲ್ಲ ಅಲ್ಲೇ ಹಾಕಿಸುವ ಅಂತ ಟ್ಯಾಂಕ್ ತಳ ಕಾಣುವವರೆಗೆ ಓಡಿಸುದು ಇಲ್ಲಿ ಎಲ್ಲರ ಅಭ್ಯಾಸ. ಅಂಥಾದ್ರಲ್ಲಿ ಮುಳ್ಳು ಅರ್ಧ ತೋರಿಸ್ತಾ ಇರುವಾಗ್ಲೇ ಉಪ್ಪಳದ ಹತ್ರ ಗಾಡಿ ಕುಂಯ್ ಅಂತ ನಿಂತ್ರೆ ಎಂತ ಮಾಡುದು ಹೇಳಿ.

ನಮ್ಮನೆಯದ್ದು ಕಾರ್ಬ್ಯುರೇಟರ್ ಕಾಲದ ಪುಟ್ಟ ಕಾರು, ಅಪ್ಪ ಅದನ್ನು ಮಾರ್ಲಿಕ್ಕೆ ಬಿಡುದಿಲ್ಲ. ಮಳೆಗಾಲ ಸುರುವಾದ ಮೇಲೆ ಅದ್ರ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಮೇಲೆ ಹತ್ತಿ ಕೂತ್ಕೊಳ್ಳಿಕ್ಕೆ ಸುರು ಮಾಡಿದ್ವು. ಪೇಟೆಯ ಒಂದು ವರ್ಕ್‌ಶಾಪಲ್ಲಿ ತೋರಿಸಿದ್ದಕ್ಕೆ ಮೀಟರ್ ಸೆಟ್ಟೇ ಬದಲಿಸ್ಬೇಕು, ಹಳೇ ಮಾಲು ಹುಡುಕ್ತೇವೆ ಅಂದ್ರು. ನಂಗೆ ಅದು ಹಿಡಿಸ್ಲಿಲ್ಲ, ಯಾಕಂದ್ರೆ ಎರಡು ಬೇರೆ ಬೇರೆ ಮೀಟರ್ ಒಂದೇ ದಿನ ಸಾಯ್ಲಿಕ್ಕೆ ಅವೇನು ಮಾತಾಡ್ಕೊಂಡಿರ್ತಾವಾ?

ನೋಡ್ಬೇಕಾದ್ದು ಇಷ್ಟೇ, ಯಾವ ಮುಳ್ಳು ಯಾವುದ್ರ ಒಟ್ಟಿಗೆ ಹಾಳಾಗಿದೆ ಅಂತ. ಒಂದೇ ಹಾಳಾದ್ರೆ ಅದ್ರ ಸೆಂಡರ್ (ಟ್ಯಾಂಕಲ್ಲೋ ಎಂಜಿನಲ್ಲೋ ಕೂತು ಮೀಟರಿಗೆ ಅಳತೆ ಕಳಿಸುವ ಭಾಗ), ಅದ್ರ ವೈರ್, ಕೊನೆಗೆ ಅದ್ರ ಮೀಟರ್. ಎರಡೂ ಸತ್ತು ಮಲಗಿದ್ರೆ ಫ್ಯೂಸ್ ನೋಡಿ. ಎರಡೂ ಒಟ್ಟಿಗೆ ಮೇಲೆ ಹೋದ್ರೆ ತುಂಬಾ ಹಳೇ ಕಾರುಗಳಲ್ಲಿ ಮೀಟರಿನ ಹಿಂದೆ ಒಂದು ಚಿಕ್ಕ ಡಬ್ಬಿ ಇರ್ತದೆ, ವೋಲ್ಟೇಜ್ ಸ್ಟೆಬಿಲೈಸರ್ (ಮನೇಲಿ ಫ್ರಿಜ್ಜಿಗೆ ಹಾಕುವಂಥದ್ದಲ್ಲ, ಬೆಂಕಿಪೊಟ್ಟಣಕ್ಕಿಂತ ಸಣ್ಣದು), ಅದ್ರ ಮೇಲೆ ಡೌಟ್ ಬರ್ಬೇಕು. ಬ್ಯಾಟರಿ 12 ವೋಲ್ಟ್, ಗಾಡಿ ಓಡುವಾಗ 14ರ ಹತ್ರ, ಹೀಗೆ ಏರಿಳಿದ್ರೆ ಮುಳ್ಳೂ ಕುಣೀತದೆ ಅಂತ ಈ ಡಬ್ಬಿ ಅದನ್ನು ಕಡಿಮೆ ಮಾಡಿ, ಎಷ್ಟೋ ಗಾಡಿಗಳಲ್ಲಿ 10 ವೋಲ್ಟಿಗೆ, ಮೀಟರುಗಳಿಗೆ ಕೊಡ್ತದೆ. ಹಳೇ ಬೈಮೆಟಲ್ ಟೈಪಿದ್ದು (ಬಿಸಿಗೆ ಬಾಗುವ ಎರಡು ಲೋಹದ ಪಟ್ಟಿ ಇರುವಂಥದ್ದು) ಕರೆಂಟನ್ನು ಕೊಟ್ಟು ನಿಲ್ಲಿಸಿ ಕೊಟ್ಟು ನಿಲ್ಲಿಸಿ ಸರಾಸರಿ ಮಾಡುದು, ಅಲ್ಲಿ ಟೆಸ್ಟ್ ಬಲ್ಬ್ ಇಟ್ರೆ ಮಿಣುಕ್ತದೆ, ಅದು ಹಾಳಾದ ಲಕ್ಷಣ ಅಲ್ಲ, ಸರಿ ಇರುವ ಲಕ್ಷಣ. ಆದ್ರೆ ಈ ಡಬ್ಬಿಗೆ ಅರ್ಥ್ (ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಸಿಗ್ಲಿಲ್ಲ ಅಂದ್ರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ನುಗ್ಗಿ ಎರಡೂ ಮುಳ್ಳು ಮೇಲೆ.

ನಮ್ಮ ಗಾಡೀಲಿ ಪಾರ್ಕ್ ಲೈಟ್ ಹಾಕಿದ ಕೂಡ್ಲೇ ಮುಳ್ಳುಗಳು ಇನ್ನೂ ಮೇಲೆ ಹೋಗ್ತಿದ್ವು, ಮೀಟರಿನ ಒಳಗಿನ ಬಲ್ಬ್ ಮಂಕು. ಇದು ಕಂಡ್ರೆ ಕಣ್ಣು ಮುಚ್ಚಿ ಅರ್ಥಿಗೆ ಹೋಗಿ ಮಾರಾಯ್ರೇ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೀಟರಿನ ಕಪ್ಪು ವೈರಿಗೆ, ಲೈಟ್ ಆನ್ ಇಟ್ಟು ನೋಡಿ, 0.2 ವೋಲ್ಟಿನ ಒಳಗೆ ಇರ್ಬೇಕು. ನಮ್ಮದ್ರಲ್ಲಿ ಒಂದು ವೋಲ್ಟಿಗಿಂತ ಮೇಲೆ ತೋರಿಸ್ತು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಲೆ ತೂರಿಸಿದ್ರೆ ಗಾಡಿಯ ತಗಡಿಗೆ ಕೂತ ಅರ್ಥ್ ಸ್ಕ್ರೂ ಕಂಡದ್ದೇ ಒಂದು ತುಕ್ಕಿನ ಮುದ್ದೆಯಾಗಿ. ಮುಂದಿನ ಗ್ಲಾಸಿನ ರಬ್ಬರ್ ಬಿರುಕು ಬಿಟ್ಟು ನೀರು ಅಲ್ಲಿಗೇ ಇಳೀತಾ ಇತ್ತು. ನಮ್ಮ ಮಳೆ, ಅದ್ರ ಮೇಲೆ ಸಮುದ್ರದ ಉಪ್ಪುಗಾಳಿ, ಕಬ್ಬಿಣ ಎಷ್ಟು ತಡ್ಕೊಳ್ತದೆ! ಮರಳು ಕಾಗದ ಹಾಕಿ ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಮೀಟರಿನ ಬೆನ್ನಿಗೆ ತಾಮ್ರದ ಗೆರೆ ಇರುವ ತೆಳು ಪ್ಲಾಸ್ಟಿಕ್ ಹಾಳೆ ಇರ್ತದಲ್ಲ, ಅದ್ರ ಕನೆಕ್ಟರ್ ಹಸಿರು ಕಟ್ಟಿದ್ದನ್ನೂ ಪೆನ್ಸಿಲ್ ರಬ್ಬರಲ್ಲಿ ಮೆಲ್ಲ ಉಜ್ಜಿದ್ದು, ಜೋರು ಉಜ್ಜಿದ್ರೆ ಗೆರೆಯೇ ಎದ್ದು ಬರ್ತದೆ. ಟೆಂಪರೇಚರ್ ಮುಳ್ಳು ಅಲ್ಲಿಗೆ ಸರಿ.

ಪೆಟ್ರೋಲ್ ಮುಳ್ಳು ಮಾತ್ರ ಇನ್ನೂ ಅರ್ಧದ ಹತ್ರ ಬಂದು ಹಾರ್ತಾ ಇತ್ತು. ಇದು ಈಗ ಒಂಟಿ ಕೇಸು, ಅಂದ್ರೆ ಸೆಂಡರ್. ಟ್ಯಾಂಕಿನೊಳಗೆ ತೇಲುವ ಒಂದು ಫ್ಲೋಟ್, ಅದ್ರ ಕೈ ಒಂದು ರೆಸಿಸ್ಟೆನ್ಸ್ (ಕರೆಂಟನ್ನು ತಡೆಯುವ) ತಂತಿಯ ಮೇಲೆ ಉಜ್ಜುತ್ತಾ ಹೋಗ್ತದೆ, ನಾವೆಲ್ಲ ಹೆಚ್ಚು ಓಡಿಸುವ ಮಟ್ಟದಲ್ಲೇ ತಂತಿ ಸವೆಯುದು. ಸೆಂಡರಿನ ವೈರ್ ಕಳಚಿ ಕೀ ಆನ್ ಮಾಡಿ, ಆ ವೈರನ್ನು ಒಂದು ಸಣ್ಣ 3.4 ವ್ಯಾಟ್ ಬಲ್ಬಿನ ಮೂಲಕ ಗಾಡಿಯ ತಗಡಿಗೆ ಮುಟ್ಟಿಸಿದ್ರೆ ಹೆಚ್ಚಿನ ಜಪಾನೀ ಮೂಲದ ಗಾಡಿಗಳಲ್ಲಿ ಮುಳ್ಳು ಫುಲ್ಲಿನ ಕಡೆ ಏಳ್ಬೇಕು, ಬಿಟ್ರೆ ಖಾಲಿಗೆ ಇಳೀಬೇಕು. ಕೆಲವು ಗಾಡಿಗಳಲ್ಲಿ ಇದು ಉಲ್ಟಾ, ನಿಮ್ಮ ಗಾಡಿಯ ಪುಸ್ತಕ ನೋಡಿ. ಮುಳ್ಳು ಹೇಳಿದ ಹಾಗೆ ಕೇಳಿದ್ರೆ ಮೀಟರೂ ವೈರೂ ಸರಿ, ತಪ್ಪು ಟ್ಯಾಂಕಲ್ಲಿ. ಆದ್ರೆ ಕಿಡಿ ಹಾರುವ ಕೆಲ್ಸ ಪೆಟ್ರೋಲ್ ವಾಸನೆ ಬರುವಲ್ಲಿ ಬೇಡವೇ ಬೇಡ, ಸೆಂಡರ್ ಬಿಚ್ಚುವ ಮೊದ್ಲು ಬ್ಯಾಟರಿ ಕಳಚಿ. ಮತ್ತೆ ಬದಿಯಡ್ಕ ಪೆರ್ಲ ಕಡೆಯ ಏರು ಇಳಿತದಲ್ಲಿ ಮುಳ್ಳು ಸ್ವಲ್ಪ ಆಚೆ ಈಚೆ ಹೋದ್ರೆ ಬಿಚ್ಲಿಕ್ಕೆ ಹೋಗ್ಬೇಡಿ, ಅದು ಪೆಟ್ರೋಲ್ ಒಂದು ಬದಿಗೆ ಸರಿಯುದು ಅಷ್ಟೇ.

ಟೆಂಪರೇಚರ್ ಮುಳ್ಳಿನ ವಿಷಯದಲ್ಲಿ ಒಂದು ಹೆದರಿಕೆ ಇರ್ಲಿ. ಬಿಸಿ ಆದ ಹಾಗೆ ಅದ್ರ ಸೆನ್ಸರಿನ ರೆಸಿಸ್ಟೆನ್ಸ್ ಕಡಿಮೆ ಆಗ್ತದೆ, ಮುಳ್ಳು ಏರ್ತದೆ. ಆದ್ರೆ ರೇಡಿಯೇಟರಿನ ನೀರು ಸೋರಿ ಹೋಗಿ ಸೆನ್ಸರ್ ಗಾಳಿಯಲ್ಲಿ ನಿಂತ್ರೆ ಎಂಜಿನ್ ಕುದೀತಾ ಇದ್ರೂ ಮುಳ್ಳು ಕೆಳಗೇ ಇರ್ಲಿಕ್ಕೆ ಸಾಕು. ಚೆರ್ಕಳ ಜಾಲ್ಸೂರು ದಾರಿಯಾಗಿ ಸುಳ್ಯ ಸೇರಿ ಸಂಪಾಜೆ ಘಾಟಿ ಹತ್ತುವವ್ರು ಮುಳ್ಳನ್ನು ನಂಬಿ ಕೂರ್ಬೇಡಿ, ಹೊರಡುವ ಮೊದ್ಲು ಎಂಜಿನ್ ತಣ್ಣಗಿರುವಾಗ ನೀರು ನೋಡಿ.

ಇಂಥ ಹಳೇ ಗಾಡಿಗಳ ಸ್ಪೀಡೋಮೀಟರ್ ಬೇರೆಯೇ ಜಾತಿ, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಗೇರ್‌ಬಾಕ್ಸಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸ್ತದೆ, ಅದು ಮುಟ್ಟದೇನೇ ಅಲ್ಯುಮಿನಿಯಂ ಬಟ್ಟಲನ್ನು ಎಳೀತದೆ, ಮುಳ್ಳು ಏಳ್ತದೆ. ಮುಳ್ಳು ನಡುಗಿದ್ರೆ ಕೇಬಲ್ ಒಣಗಿದೆ ಇಲ್ಲಾ ಮಡಚಿದೆ. ಕಿಲೋಮೀಟರ್ ಓಡಿ ಮುಳ್ಳು ಮಾತ್ರ ಸತ್ತಿದ್ರೆ ಮೀಟರಿನ ಒಳಗೆ ತೊಂದ್ರೆ, ಎರಡೂ ನಿಂತ್ರೆ ಕೇಬಲ್ ಅಥವಾ ಗೇರ್‌ಬಾಕ್ಸಿನ ಪ್ಲಾಸ್ಟಿಕ್ ಗೇರ್. ಹೊಸ ಆರು ಲೇನಿನ ಹೈವೇಲಿ ಮೊಬೈಲ್ ಜಿಪಿಎಸ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿದ್ರೆ ತಲೆ ಕೆಡಿಸ್ಕೊಳ್ಬೇಡಿ, ಮೀಟರನ್ನು ಮಾಡುದೇ ಹಾಗೆ.

ಕೊನೆಗೆ ಕೆಂಪು ಲೈಟುಗಳು. ಓಡುವಾಗ ಆಯಿಲ್ ಲೈಟ್ ಹತ್ತಿದ್ರೆ ವೈರ್ ಹುಡುಕುದೆಲ್ಲ ಆಮೇಲೆ, ಮೊದ್ಲು ಎಂಜಿನ್ ಆಫ್. ಬ್ಯಾಟರಿ ಲೈಟ್ ಕೀ ಆನ್ ಮಾಡಿದಾಗ ಹತ್ತದೇ ಇದ್ರೆ ಖುಷಿ ಪಡ್ಬೇಡಿ, ಎಷ್ಟೋ ಹಳೇ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಸುರುವಿನ ಕರೆಂಟ್ ಹೋಗುದು, ಬಲ್ಬ್ ಸುಟ್ಟಿದ್ರೆ ಚಾರ್ಜಿಂಗೇ ಆಗ್ಲಿಕ್ಕಿಲ್ಲ. ಹಾಕುವಾಗ ಮೊದ್ಲಿದ್ದಷ್ಟೇ ವ್ಯಾಟಿನ ಮಾಮೂಲಿ ಬಲ್ಬ್ ಹಾಕಿ, ಎಲ್ಇಡಿ ಹಾಕಿದ್ರೆ ಕೆಲವು ಗಾಡಿಗಳಲ್ಲಿ ಅಷ್ಟು ಕರೆಂಟ್ ದಾಟುದಿಲ್ಲ.