ವಾಂತಿಗೆ ಯಾವ ಮಾತ್ರೆ? ಮೊದಲು ಕಾರಣ ನೋಡಿ

ವಾಂತಿಗೆ ಮಾತ್ರೆ ಅಂದ ಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಒಂಡಾನ್ಸೆಟ್ರಾನ್. ಒಳ್ಳೆಯ ಔಷಧ, ಎರಡು ಮಾತಿಲ್ಲ. ಆದರೆ ಬಸ್ಸು ಹತ್ತಿದರೆ ಹೊಟ್ಟೆ ತೊಳಸುವವರಿಗೆ ಅದನ್ನು ಕೊಟ್ಟು ಪ್ರಯೋಜನವಿಲ್ಲ. ಪ್ರಯಾಣದ ವಾಂತಿ ಹುಟ್ಟುವ ಜಾಗವೇ ಬೇರೆ, ಆ ಮಾತ್ರೆ ತಡೆಯುವ ಜಾಗವೇ ಬೇರೆ.

ವಾಂತಿ ಮಾಡಿಸುವ ಅಪ್ಪಣೆ ಹೊರಡುವುದು ಮೆದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ. ಅಲ್ಲಿಗೆ ಸುದ್ದಿ ಮುಟ್ಟುವ ದಾರಿ ಹಲವು. ಹೊಟ್ಟೆ, ಕರುಳು ಕೆಟ್ಟಾಗ ಕರುಳಿನ ಒಳಪದರದ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ, ವೇಗಸ್ ನರ ಅದನ್ನು ಹಿಡಿದು ಮೇಲಕ್ಕೆ ಮುಟ್ಟಿಸುತ್ತದೆ. ರಕ್ತದಲ್ಲಿ ವಿಷ ಅಥವಾ ಔಷಧ ಸೇರಿದರೆ ಮೆಡುಲ್ಲಾದಲ್ಲೇ ಇರುವ ಒಂದು ಪುಟ್ಟ ಜಾಗ ಅದನ್ನು ಪತ್ತೆ ಹಚ್ಚುತ್ತದೆ. ಮೆದುಳಿನ ಉಳಿದ ಭಾಗಕ್ಕಿರುವ ರಕ್ತದ ತಡೆಗೋಡೆ ಅಲ್ಲಿ ಇಲ್ಲ, ಅದಕ್ಕೇ ರಕ್ತದಲ್ಲಿ ಏನು ಹರಿಯುತ್ತಿದೆಯೆಂದು ಅದಕ್ಕೆ ತಿಳಿಯುತ್ತದೆ. ಅಲ್ಲಿ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಡೋಪಮಿನ್ ಮುಖ್ಯ. ಪ್ರಯಾಣದಲ್ಲಿ ಆಗುವಂತೆ ಒಳಕಿವಿಯ ಸಮತೋಲನ ಕೆಟ್ಟಾಗ ಕೆಲಸ ಮಾಡುವುದು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್. ಇದಲ್ಲದೆ ಭಯ, ವಾಸನೆ, ಹಳೆಯ ನೆನಪು ಕೂಡ ಮೇಲಿನ ಮೆದುಳಿನಿಂದ ವಾಂತಿ ತರಿಸಬಲ್ಲವು. ವಾಂತಿ ನಿಲ್ಲಿಸುವ ಔಷಧಗಳೆಲ್ಲ ಇವುಗಳಲ್ಲಿ ಒಂದೋ ಎರಡೋ ದಾರಿ ಮುಚ್ಚುತ್ತವೆ, ಅಷ್ಟೆ.

ಒಂಡಾನ್ಸೆಟ್ರಾನ್ ಮುಚ್ಚುವುದು ಸೆರೊಟೋನಿನ್ ದಾರಿಯನ್ನು. ಕೀಮೋಥೆರಪಿ, ಆಪರೇಷನ್ ನಂತರದ ವಾಂತಿ, ಮಕ್ಕಳ ವಾಂತಿಭೇದಿ, ಇಲ್ಲೆಲ್ಲ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 4 ಅಥವಾ 8 ಮಿಲಿಗ್ರಾಂ. ಮಕ್ಕಳಿಗೆ ತೂಕ ನೋಡಿ ಡಾಕ್ಟರೇ ಹೇಳಬೇಕು. ಬಾಯಲ್ಲೇ ಕರಗುವ ಮಾತ್ರೆಯನ್ನು ಹಾಳೆಯ ಹಿಂದಿನಿಂದ ಒತ್ತಿ ತೆಗೆದರೆ ಪುಡಿಯಾಗುತ್ತದೆ. ಹಾಳೆಯನ್ನು ಸುಲಿದು, ಒಣಗಿದ ಕೈಯಲ್ಲಿ ತೆಗೆದು ನಾಲಿಗೆಯ ಮೇಲಿಡಿ. ಕರಗಿದ್ದನ್ನು ಎಂಜಲಿನ ಜೊತೆ ನುಂಗಲೇಬೇಕು, ಯಾಕೆಂದರೆ ಔಷಧ ಹೆಚ್ಚಾಗಿ ಹೀರಿಕೊಳ್ಳುವುದು ಕರುಳಿನಲ್ಲಿ. ತಲೆನೋವು, ಮಲಬದ್ಧತೆ ಸಾಮಾನ್ಯ. ಹೃದಯದ ಲಯದ ತೊಂದರೆ ಇದ್ದವರು, ಪೊಟ್ಯಾಸಿಯಂ ಕಡಿಮೆ ಇರುವವರು ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬಾರದು, ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗಲು ಹಿಡಿಯುವ ಹೊತ್ತು) ಹಿಗ್ಗಿ ಲಯ ತಪ್ಪುವ ಅಪಾಯವಿದೆ. ಇದೇ ಕಾರಣಕ್ಕೆ ರಕ್ತನಾಳಕ್ಕೆ ಒಂದೇ ಸಲ 32 ಮಿಲಿಗ್ರಾಂ ಕೊಡುವ ಪದ್ಧತಿಯನ್ನು 2012ರಲ್ಲಿ ಅಮೆರಿಕದಲ್ಲಿ ಕೈಬಿಡಲಾಯಿತು.

ಡೋಪಮಿನ್ ತಡೆಯುವವು ಮೆಟೊಕ್ಲೋಪ್ರಮೈಡ್, ಡೋಂಪೆರಿಡೋನ್, ಪ್ರೋಕ್ಲೋರ್‌ಪೆರಜಿನ್. ಮೊದಲೆರಡು ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುತ್ತವೆ ಕೂಡ. ಮೆಟೊಕ್ಲೋಪ್ರಮೈಡ್ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅದು ಮೆದುಳಿನೊಳಕ್ಕೆ ಇಳಿಯುತ್ತದೆ. ಒಂದೆರಡು ಡೋಸ್ ಆಗುತ್ತಲೇ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಹರೆಯದವರಿಗೆ, ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ಮನೆಯವರು ಫಿಟ್ಸ್ ಎಂದು ಹೆದರುತ್ತಾರೆ, ಆದರೆ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಆಸ್ಪತ್ರೆಯಲ್ಲಿ ಸರಿಯಾದ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲೇ ಸಡಿಲವಾಗುತ್ತದೆ. ಯಾವ ಮಾತ್ರೆ ನುಂಗಿದ್ದರು ಎಂದು ಡಾಕ್ಟರಿಗೆ ತಿಳಿಯಬೇಕು, ಆದ್ದರಿಂದ ಮಾತ್ರೆಯ ಹಾಳೆಯನ್ನು ಜೊತೆಗೆ ಒಯ್ಯಿರಿ. ತಿಂಗಳುಗಟ್ಟಲೆ ತೆಗೆದುಕೊಂಡರೆ ತುಟಿ, ನಾಲಿಗೆ ತಾವಾಗಿ ಅಲುಗಾಡುವ ತೊಂದರೆ ಶುರುವಾಗಿ ಶಾಶ್ವತವಾಗಿಯೇ ಉಳಿಯಬಹುದು. ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಇದಕ್ಕೆ ಐದು ದಿನದ ಮಿತಿ ಹಾಕಿದ್ದು ಸರಿಯಾಗಿಯೇ ಇದೆ. ಪಾರ್ಕಿನ್ಸನ್ಸ್ ಇರುವವರಿಗೆ ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್ ಎರಡೂ ಬೇಡ. ಡೋಂಪೆರಿಡೋನ್ ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ, ಆದರೆ ಹೃದಯದ ಲಯದ ಎಚ್ಚರಿಕೆ ಅದಕ್ಕೂ ಇದೆ.

ಪ್ರಯಾಣಕ್ಕೆ ಬೇಕಾದದ್ದು ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಥರದ, ಹಿಸ್ಟಮಿನ್ ತಡೆಯುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳು. ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಹೊಟ್ಟೆ ಮುಂದಕ್ಕೆ ಸಾಗಿಸುವುದನ್ನೇ ನಿಲ್ಲಿಸಿರುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ. ಇವು ನಿದ್ದೆ ಬರಿಸುತ್ತವೆ, ಗಾಡಿ ಓಡಿಸುವವರು ಮುಟ್ಟಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರಾಟವೇ ಕುಗ್ಗಬಹುದು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯನ್ನು ನಾಲ್ಕು ಗಂಟೆ ಮೊದಲು ಹಾಕಿದರೆ ಮೂರು ದಿನ ಬರುತ್ತದೆ. ಅಂಟಿಸಿದ ಕೈ ತೊಳೆಯದೆ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು.

ಕೀಮೋಥೆರಪಿಯ ವಾಂತಿಗೆ ಒಂದೇ ಔಷಧ ಸಾಲದು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕೊಟ್ಟ ಮೊದಲ 24 ಗಂಟೆಯ ವಾಂತಿ ಹೆಚ್ಚಾಗಿ ಸೆರೊಟೋನಿನ್‌ನದು. ಎರಡನೇ ದಿನದಿಂದ ಐದನೇ ದಿನದವರೆಗೆ ಬರುವುದರಲ್ಲಿ ಸಬ್‌ಸ್ಟನ್ಸ್ ಪಿ ಎಂಬ ಇನ್ನೊಂದು ರಾಸಾಯನಿಕದ ಕೈವಾಡ ಹೆಚ್ಚು. ಅದನ್ನು ತಡೆಯುವ ಅಪ್ರೆಪಿಟೆಂಟ್ ಮೊದಲ ದಿನ 125, ಮುಂದಿನ ಎರಡು ದಿನ 80 ಮಿಲಿಗ್ರಾಂ. ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಎಷ್ಟೋ ಸಲ ಒಲಾಂಜಪಿನ್ ಕೂಡ. ವಾಂತಿ ಇಲ್ಲವಲ್ಲ ಎಂದು ಮನೆಗೆ ಬಂದ ಮೇಲೆ ಉಳಿದ ಮಾತ್ರೆ ಬಿಟ್ಟುಬಿಡುವುದು ದೊಡ್ಡ ತಪ್ಪು. ಮೊದಲ ಸುತ್ತಿನಲ್ಲಿ ವಾಂತಿ ಜೋರಾದರೆ ಮುಂದಿನ ಸುತ್ತಿಗೆ ಆಸ್ಪತ್ರೆಯ ವಾಸನೆಗೇ ಹೊಟ್ಟೆ ತಿರುಗುವಂತಾಗುತ್ತದೆ, ಆ ವಾಂತಿಗೆ ಈ ಮಾತ್ರೆಗಳು ಅಷ್ಟಾಗಿ ನಾಟುವುದಿಲ್ಲ.

ಬಸಿರಿನ ವಾಂತಿಗೆ ಡಾಕ್ಸಿಲಮಿನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆ ಮೊದಲ ಆಯ್ಕೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದನ್ನು ರಾತ್ರಿ ಮಲಗುವಾಗ ತೆಗೆದುಕೊಂಡರೆ ಬೆಳಗಿನ ಹೊತ್ತಿಗೆ ಕೆಲಸ ಮಾಡುತ್ತದೆ. ಅದನ್ನು ಜಗಿಯಬಾರದು, ಮುರಿಯಬಾರದು.

ಹಸಿರು ಪಿತ್ತ ಅಥವಾ ರಕ್ತ ಬಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ, ಸಕ್ಕರೆ ಕಾಯಿಲೆಯವರು ವಾಂತಿ ಮಾಡುತ್ತಾ ಏದುಸಿರು ಬಿಡುತ್ತಿದ್ದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕರುಳು ಕಟ್ಟಿಕೊಂಡಿರುವಾಗ ಮೆಟೊಕ್ಲೋಪ್ರಮೈಡ್ ಕೊಟ್ಟರೆ ಕರುಳು ತೂತಾಗುವ ಅಪಾಯವೂ ಉಂಟು.