‘ಮೀಟಿಂಗ್‌ನಲ್ಲಿ ಅಷ್ಟು ಧೈರ್ಯವಾಗಿ ಹೇಗೆ ಮಾತಾಡ್ತೀರಿ?’

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ, ಓದಿಕೊಳ್ಳಿ.

ನಾನು ಮಾಡುವುದು ಇಷ್ಟೇ. ಅಜೆಂಡಾ ಮೊದಲೇ ನೋಡುತ್ತೇನೆ. ಹೇಳಲೇಬೇಕಾದ ಒಂದು ವಿಷಯ ಬರೆದುಕೊಂಡು ಹೋಗಿ, ಶುರುವಿನಲ್ಲೇ ಹೇಳಿಬಿಡುತ್ತೇನೆ. ಸರದಿ ಬರಲಿ ಅಂತ ಕಾಯುತ್ತಾ ಕೂತರೆ ಹೊಳೆದದ್ದೂ ಹಾರಿಹೋಗುತ್ತದೆ. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಒಬ್ಬೊಬ್ಬರೇ ಕೂತು ಯೋಚಿಸಿದಾಗ ಬಂದಷ್ಟು ಐಡಿಯಾಗಳು ಗುಂಪಿನಲ್ಲಿ ಬರಲಿಲ್ಲ, ಅದಕ್ಕೆ ದೊಡ್ಡ ಕಾರಣ ಇನ್ನೊಬ್ಬರ ಮಾತು ಮುಗಿಯಲಿ ಅಂತ ಕಾಯುವುದು.

ಇಷ್ಟು ಹೇಳಿದರೂ ನನಗೆ ಸಿಟ್ಟು ಇಳಿಯುವುದಿಲ್ಲ. ಸುಮ್ಮನೆ ಕೂತವರಲ್ಲೇ ಏನೋ ಕೊರತೆ ಇದೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೇಳುತ್ತೀರಲ್ಲ, ಅದಕ್ಕೆ.

ಒಮ್ಮೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ, ‘ಸರ್, ಟೆಸ್ಟಿಂಗ್‌ಗೆ ದಿನಗಳನ್ನೇ ಹಿಡಿದಿಲ್ಲ, ಈ ಡೇಟಿಗೆ ಆಗಲ್ಲ’ ಅಂದಳು. ಎಲ್ಲರ ಮುಂದೆ, ಗಟ್ಟಿಯಾಗಿ, ಸರಿಯಾಗಿಯೇ ಹೇಳಿದಳು. ಮ್ಯಾನೇಜರ್ ಫೋನಿನಿಂದ ತಲೆ ಎತ್ತದೆ ‘ಆಮೇಲೆ ನೋಡೋಣ’ ಅಂದು ಮುಂದಕ್ಕೆ ಹೋದರು. ಹೊರಗೆ ಬಂದವಳು ನನ್ನನ್ನು ಕೇಳಿದ್ದು ಏನು ಗೊತ್ತಾ? ‘ಮೇಡಂ, ನಿಮ್ಮ ಹಾಗೆ ಮಾತಾಡೋದು ಹೇಗೆ?’ ಅವಳಿಗೆ ಕಲಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕಲಿಯಬೇಕಾದವರು ಒಳಗೇ ಕೂತಿದ್ದರು.

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ನೆನಪಿದೆಯಲ್ವಾ? 1986ರ ಜನವರಿ 27ರ ರಾತ್ರಿ, ಹಾರಿಸುವ ಹಿಂದಿನ ದಿನ, ಅದನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ ತಯಾರಿಸಿದ್ದ ಕಂಪನಿಯ ಇಂಜಿನಿಯರ್ ರೋಜರ್ ಬೋಜೊಲೆ ಮತ್ತು ಜೊತೆಯವರು ಫೋನ್ ಮೀಟಿಂಗ್‌ನಲ್ಲಿ ವಾದ ಮಾಡಿದರು. ಚಳಿ ಜಾಸ್ತಿ ಇದೆ, ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರ್ ರಿಂಗ್ ಗಡುಸಾಗುತ್ತದೆ, ಹಾರಿಸಬೇಡಿ ಅಂದರು. ನಾಸಾದವರಿಗೆ ಅದು ಇಷ್ಟವಾಗಲಿಲ್ಲ. ಕಂಪನಿಯ ಮ್ಯಾನೇಜರ್‌ಗಳು ತಮ್ಮ ಇಂಜಿನಿಯರ್‌ಗಳ ಮಾತು ಪಕ್ಕಕ್ಕಿಟ್ಟು ಒಪ್ಪಿಗೆ ಕೊಟ್ಟರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು 7 ಜನ ಸತ್ತರು. ಆ ಇಂಜಿನಿಯರ್‌ಗಳಿಗೆ ಯಾವ ಧೈರ್ಯ ಕಡಿಮೆ ಇತ್ತು, ಹೇಳಿ?

ಹಾಗಾಗಿ ಮೀಟಿಂಗ್ ನಡೆಸುವವರು ಬಂದು ‘ಹೇಳಿದ್ದನ್ನು ಕೇಳಿಸಿಕೊಳ್ಳೋದು ಹೇಗೆ’ ಅಂತ ನನ್ನನ್ನು ಕೇಳಲಿ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ. ಎಲ್ಲರಿಗಿಂತ ಕಿರಿಯರನ್ನು ಮೊದಲು ಕೇಳಿ, ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಯಾಕೆಂದರೆ ಬಾಸ್ ಬಾಯಿಬಿಟ್ಟ ಮೇಲೆ ಉಳಿದವರು ಅದಕ್ಕೆ ತಕ್ಕ ಹಾಗೇ ಮಾತಾಡುತ್ತಾರೆ. ಯಾರಾದರೂ ಆಗಲ್ಲ ಅಂದರೆ ಅದನ್ನು ಮಿನಿಟ್ಸ್‌ನಲ್ಲಿ ಅವರದೇ ಮಾತಲ್ಲಿ ಬರೆಸಿ. ‘ಆಮೇಲೆ ನೋಡೋಣ’ ಅನ್ನಲೇಬೇಕಿದ್ದರೆ, ಯಾವತ್ತು, ಯಾರು ನೋಡುತ್ತಾರೆ ಅನ್ನುವುದನ್ನೂ ಅಲ್ಲೇ ಬರೆಸಿ.