ರದ್ದು ಮಾಡುವ ಮೊದಲು ಮರಳಿ ನಡೆಸುವುದು

ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ, ಕುಸಿದ ಡೇಟಾಬೇಸನ್ನು ಚೇತರಿಸುವ ಏರೀಸ್ ವಿಧಾನವನ್ನು ಇಂದು ಮತ್ತೆ ಓದಿದೆ. ದತ್ತಾಂಶದ ಪುಟಕ್ಕಿಂತ ಮೊದಲು ಅದರ ಲಾಗ್, ಅಂದರೆ ಬದಲಾವಣೆಗಳ ದಾಖಲೆ, ಡಿಸ್ಕ್ ಸೇರಬೇಕೆಂಬ ನಿಯಮ ಅದಕ್ಕೂ ಹಳೆಯದು. ನನ್ನನ್ನು ಹಿಡಿದು ನಿಲ್ಲಿಸುವುದು ಏರೀಸ್‌ನ ಮುಂದಿನ ಹೆಜ್ಜೆ. ಕುಸಿದ ಸರ್ವರ್ ಮತ್ತೆ ಎದ್ದಾಗ, ಡಿಸ್ಕ್ ತಲುಪದೆ ಉಳಿದ ಬದಲಾವಣೆಗಳನ್ನೆಲ್ಲ ಲಾಗ್ ನೋಡಿ ಮರಳಿ ನಡೆಸುತ್ತದೆ. ಅರ್ಧಕ್ಕೆ ನಿಂತ ವ್ಯವಹಾರಗಳದ್ದನ್ನೂ (ಒಟ್ಟಾಗಿಯೇ ಪೂರ್ಣವಾಗಬೇಕಾದ ಬದಲಾವಣೆಗಳ ಗುಂಪೇ ವ್ಯವಹಾರ) ಬಿಡುವುದಿಲ್ಲ! ಕುಸಿದ ಕ್ಷಣದ ಸ್ಥಿತಿಗೆ ಬಂದ ಮೇಲೆಯೇ ಕಮಿಟ್ ಆಗದ, ಅಂದರೆ ಪೂರ್ಣಗೊಂಡಿತೆಂದು ಖಚಿತವಾಗದ ವ್ಯವಹಾರಗಳನ್ನು ಕೊನೆಯಿಂದ ಹಿಂದಕ್ಕೆ ರದ್ದು ಮಾಡುತ್ತದೆ. ಅಳಿಸಬೇಕಾದದ್ದನ್ನೂ ಮೊದಲು ನಡೆದಂತೆಯೇ ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ಮನುಷ್ಯರಾದ ನಮಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಇನ್ನೂ ಚೆಂದದ ಸಂಗತಿಯೆಂದರೆ, ಪ್ರತಿ ರದ್ದತಿಯೂ ಲಾಗ್‌ನಲ್ಲಿ ದಾಖಲಾಗುತ್ತದೆ. ಹೀಗಾಗಿ ಚೇತರಿಕೆಯ ನಡುವೆಯೇ ಸರ್ವರ್ ಮತ್ತೆ ಕುಸಿದರೂ, ಒಮ್ಮೆ ರದ್ದಾದದ್ದನ್ನು ಎರಡನೆಯ ಸಲ ರದ್ದು ಮಾಡುವ ಅಪಾಯವಿಲ್ಲ.